ಮುರುಗೋಡಿಗೆ ಅಡುಗೆಮನೆಯ ಔತಣ

ಎರೆಹುಳುವಿನ ಹೆಸರಲ್ಲೇ ಎರೆ ಇದೆ, ಅಂದರೆ ಮೀನಿನ ಆಸೆಗೆ ಗಾಳಕ್ಕೆ ಚುಚ್ಚುವ ತಿನಿಸು. ಆದರೂ ಏಪ್ರಿಲ್ ಬಿಸಿಲಿಗೆ ಕೆರೆದಂಡೆ ಎಷ್ಟು ಅಗೆದರೂ ಒಂದು ಹುಳ ಸಿಗುವುದಿಲ್ಲ. ಗಾಳ ಹಿಡಿದವರ ಕಣ್ಣು ಆಗ ಅಡುಗೆಮನೆಯ ಮೇಲೆ ಬೀಳುತ್ತದೆ. ಮನೆಯಲ್ಲಿ ಜಗಳ ಶುರುವಾಗುವುದೂ ಆಗಲೇ.

ನಾತ ಹೆಚ್ಚಿದಷ್ಟೂ ಮುರುಗೋಡು ಅನ್ನುವ ಮೀಸೆಮೀನಿಗೆ (ಕ್ಯಾಟ್‌ಫಿಶ್) ಇಷ್ಟ ಅನ್ನುವುದು ಅರ್ಧ ಸತ್ಯ. ನಮ್ಮ ಮೂಗಿಗೆ ಬಡಿಯುವುದು ಗಾಳಿಯಲ್ಲಿ ಹರಡುವ ವಾಸನೆ. ಮೀನಿಗೆ ಬೇಕಾದ್ದು ನೀರಿನಲ್ಲಿ ಕರಗುವ ರುಚಿ. ಅದರ ಎಂಟು ಮೀಸೆಗಳಲ್ಲೂ ಮೈಚರ್ಮದಲ್ಲೂ ರುಚಿಮೊಗ್ಗುಗಳಿವೆ, ಅಂದರೆ ಇಡೀ ಮೀನೇ ಒಂದು ನಾಲಿಗೆ. ಹಾಗಾಗಿ ಇಂಗಿನ ಒಗ್ಗರಣೆ ಹಾಕಿದ ಎರೆ ದಂಡ. ಎಣ್ಣೆ ನೀರ ಮೇಲೆ ತೇಲುತ್ತದೆ, ದಡದಲ್ಲಿ ಕೂತವರಿಗೆ ಹಸಿವಾಗುತ್ತದೆ, ತಳದಲ್ಲಿರುವ ಮೀನಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನಂಬಬಹುದಾದದ್ದು ಕೋಳಿ ಲಿವರ್. ಕೆಟ್ಟ ಗುಣವೆಂದರೆ ಗಾಳದಲ್ಲಿ ನಿಲ್ಲುವುದಿಲ್ಲ. ಬೀಸಿ ಎಸೆದರೆ ಗಾಳ ಒಂದು ಕಡೆ, ಲಿವರ್ ಪಕ್ಕದವರ ಬಿಳಿ ಅಂಗಿಯ ಮೇಲೆ. ಕಾಲು ಕಿಲೋಗೆ ಎರಡು ಚಮಚ ಕಲ್ಲುಪ್ಪು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನೀರು ಬಿಟ್ಟು ಗಟ್ಟಿಯಾಗುತ್ತದೆ. ಬೆಳಿಗ್ಗೆ ಹೆಬ್ಬೆಟ್ಟಿನ ಉಗುರಿನಷ್ಟು ತುಂಡು ಮಾಡಿ, ಗಾಳಕ್ಕೆ ಚುಚ್ಚಿ, ಹೊಲಿಗೆ ದಾರದಿಂದ ಏಳೆಂಟು ಸುತ್ತು ಸುತ್ತಬೇಕು. ಐಸ್‌ಕ್ರೀಂ ಡಬ್ಬಿಯಲ್ಲಿ ಮಾತ್ರ ಇಡಬೇಡಿ. ನೆಂಟರ ಮಗು ಮೊದಲು ತೆರೆಯುವುದು ಅದನ್ನೇ.

ಲಿವರ್ ಇಲ್ಲವೆಂದರೆ ನಿನ್ನೆಯ ಮುದ್ದೆ. ಕಿತ್ತಳೆ ಗಾತ್ರದ ತಣ್ಣನೆ ಮುದ್ದೆಗೆ ಎರಡು ಚಮಚ ಒಣ ಸೀಗಡಿ ಪುಡಿ, ಒಂದು ಚಮಚ ಮೈದಾ, ಚಿಟಿಕೆ ಹತ್ತಿಯ ಎಳೆ ಸೇರಿಸಿ ನಾದಿ. ಹತ್ತಿ ಹಾಕುವುದು ಎರೆ ಗಾಳದಿಂದ ಜಾರದಿರಲಿ ಅಂತ. ಕೆರೆಗೆ ಹೋಗುವ ಮೊದಲು ಒಂದು ಉಂಡೆಯನ್ನು ಲೋಟದ ನೀರಿಗೆ ಹಾಕಿ ಹತ್ತು ನಿಮಿಷ ನೋಡಿ. ಕದಡಿ ಗಂಜಿಯಾದರೆ ಮೈದಾ ಕಡಿಮೆಯಾಗಿದೆ. ಕಲ್ಲಿನಂತೆ ಕೂತಿದ್ದರೆ ಹೆಚ್ಚಾಗಿದೆ, ರುಚಿ ಹೊರಗೇ ಬರುವುದಿಲ್ಲ. ಅಂಚು ಮಾತ್ರ ಮೆಲ್ಲಗೆ ಕರಗುತ್ತಿದ್ದರೆ ಸರಿ. ಆ ಲೋಟ ತೊಳೆದಿಡುವುದನ್ನು ಮರೆತರೆ ಸಂಜೆ ಕಾಫಿಗೆ ಸೀಗಡಿಯ ಪರಿಮಳ.

ಸೋಪು? ಅಮೆರಿಕದಲ್ಲಿ ಕ್ಯಾಟ್‌ಫಿಶ್‌ಗೆ ಸೋಪಿನ ತುಂಡು ಕಟ್ಟುವವರಿದ್ದಾರೆ, ಅದು ಪ್ರಾಣಿಕೊಬ್ಬಿನ ಸೋಪು. ನಮ್ಮ ಬಟ್ಟೆ ತೊಳೆಯುವ ಬಿಲ್ಲೆಯಲ್ಲಿ ಡಿಟರ್ಜೆಂಟೇ ಹೆಚ್ಚು. ನೊರೆ ಬರುತ್ತದೆ, ಮೀನು ಬರುವುದಿಲ್ಲ.

ಎರೆ ಎಷ್ಟೇ ಚೆನ್ನಾಗಿರಲಿ, ತಂಬಾಕು ತಿಕ್ಕಿದ ಅಥವಾ ಸೊಳ್ಳೆ ಕ್ರೀಮು ಸವರಿದ ಕೈಯಲ್ಲಿ ಮುಟ್ಟಿದರೆ ಕೆಟ್ಟಿತು. ಮೊದಲು ಕೆರೆಯ ಕೆಸರಿನಲ್ಲೇ ಕೈ ಉಜ್ಜಿಕೊಳ್ಳಿ. ಸೀಸದ ಗುಂಡು ಕಟ್ಟಿ ಎರೆ ತಳ ಮುಟ್ಟುವಂತೆ ಬಿಡಿ. ನಡುನೀರಿನಲ್ಲಿ ತೂಗಾಡಿದರೆ ಸಣ್ಣ ಮೀನುಗಳೇ ಕುಕ್ಕಿ ಮುಗಿಸುತ್ತವೆ. ಬೆಂಡು ಪಟಪಟ ಕುಣಿದರೆ ಅವೇ, ಎಳೆಯಬೇಡಿ. ಬೆಂಡು ಓರೆಯಾಗಿ ಜಾರಿ ಮುಳುಗಿತೋ, ಆಗ ಎಳೆಯಿರಿ.

ಬಿದ್ದ ಮೀನನ್ನು ಬರಿಗೈಯಲ್ಲಿ ಹಿಡಿಯಬೇಡಿ, ಪಕ್ಕದ ಎರಡು ಈಜುರೆಕ್ಕೆಗಳ ಮುಳ್ಳು ಅಂಗೈ ತೂತು ಮಾಡುತ್ತದೆ. ಒದ್ದೆ ಗೋಣಿಬಟ್ಟೆ ಹಾಕಿ, ಮುಳ್ಳುಗಳ ಹಿಂದೆ ಹಿಡಿಯಿರಿ. ಮನೆಗೆ ತಂದು ಬಕೆಟ್ಟಿನಲ್ಲಿಟ್ಟರೆ ತೂತಿರುವ ಮುಚ್ಚಳ ಮುಚ್ಚಿ ಮೇಲೊಂದು ಗುಂಡುಕಲ್ಲು ಹೇರಿ. ಅದು ಹೊರಗಿನ ಗಾಳಿಯನ್ನೂ ಉಸಿರಾಡುವ ಮೀನು, ನೀರು ಬಿಟ್ಟು ತೆವಳಲೂ ಬಲ್ಲದು. ಬೆಳಿಗ್ಗೆ ಬಕೆಟ್ ಖಾಲಿಯಿದ್ದರೆ ಬೆಕ್ಕನ್ನು ಬೈಯುವ ಮೊದಲು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ನೋಡಿ.