ಬದು ಉಳಿಯಿತು, ಮಾನ ತೀರಿಕೊಂಡಿತು

ನಮ್ಮ ದೊಡ್ಡಪ್ಪ ಎರಡು ಕೇಸು ಬಿಟ್ಟು ತೀರಿಕೊಂಡರು. ಒಂದು ಬದುವಿನದು, ಇನ್ನೊಂದು ಮಾನದ್ದು. ಎರಡಕ್ಕೂ ಎದುರಾಳಿ ಒಬ್ಬನೇ, ಪಕ್ಕದ ಹೊಲದವನು. ಉಳುಮೆ ನೆಪದಲ್ಲಿ ಬದುವನ್ನು ಮೂರಡಿ ಈಚೆಗೆ ತಂದ. ಕೇಳಲು ಹೋದರೆ ಅರಳಿಕಟ್ಟೆ ಹತ್ತಿರ ಊರವರ ಎದುರಿಗೇ 'ಸರ್ವೆ ಕಲ್ಲು ಕಿತ್ತಿದ್ದೇ ನೀನು, ಕಳ್ಳ' ಅಂದ. ದೊಡ್ಡಪ್ಪನಿಗೆ ಮೂರಡಿ ನೆಲಕ್ಕಿಂತ ಆ ಎರಡಕ್ಷರ ಜಾಸ್ತಿ ಚುಚ್ಚಿತ್ತು.

ತಿಥಿ ಮುಗಿಸಿ ದೊಡ್ಡಮ್ಮನನ್ನು ಕರೆದುಕೊಂಡು ವಕೀಲರ ಆಫೀಸಿಗೆ ಹೋದೆ. ಮೇಜಿನ ಮೇಲೆ ಎರಡು ಫೈಲು. ಬದುವಿನದು ತಲೆದಿಂಬಿನಷ್ಟು ದಪ್ಪ, ಮಾನದ್ದು ನೀರುದೋಸೆಯಷ್ಟು ತೆಳು. ವಕೀಲರು ದಪ್ಪದ್ದನ್ನು ಎಳೆದುಕೊಂಡರು.

"ಇದಕ್ಕೆ ಎಲ್‌ಆರ್ ತರಬೇಕಮ್ಮಾ, ಅಂದ್ರೆ ಯಜಮಾನರ ಜಾಗಕ್ಕೆ ವಾರಸುದಾರರು. 90 ದಿನ ಟೈಮಿದೆ. ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಮಕ್ಕಳ ಆಧಾರ್ ಎಲ್ಲಾ ಕೊಡಿ."

ತೆಳು ಫೈಲನ್ನು ಪಕ್ಕಕ್ಕೆ ಸರಿಸಿದರು. "ಇದು ಹೋಯ್ತು."

"ಎಲ್ಲಿಗೆ ಹೋಯ್ತು?"

"ಯಜಮಾನರ ಜೊತೆಗೇ."

ಪ್ರಾಣ ಹೋದರೂ ಮಾನ ಹೋಗಬಾರದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಪಾಪ, ಅವರು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಓದಿರಲಿಲ್ಲ. ಅದರ 306ನೇ ಸೆಕ್ಷನ್ ಪ್ರಕಾರ ಸತ್ತವರ ದಾವೆಗಳೆಲ್ಲ ವಾರಸುದಾರರಿಗೆ ಬರುತ್ತವೆ; ಮಾನನಷ್ಟ, ಹಲ್ಲೆ, ಸಾವು ತರದಂಥ ಮೈಗಾಯ, ಇಂಥವು ಮಾತ್ರ ಬರುವುದಿಲ್ಲ. ಅರ್ಥವಾಗದ ಮಂದಮತಿಗಳಿಗಾಗಿ ಕಾಯ್ದೆಯೇ ಉದಾಹರಣೆಯನ್ನೂ ಕೊಟ್ಟಿದೆ: ರೈಲ್ವೆ ನೌಕರನ ಅಜಾಗರೂಕತೆಯಿಂದ ರೈಲುಗಳು ಡಿಕ್ಕಿಯಾಗಿ ಒಬ್ಬ ಪ್ರಯಾಣಿಕನಿಗೆ ಬಲವಾದ ಪೆಟ್ಟಾಯಿತು, ಆದರೆ ಸಾಯುವಷ್ಟಲ್ಲ. ಕೇಸು ಹಾಕುವ ಮೊದಲೇ ಮುಂದೆಂದೋ ತೀರಿಕೊಂಡ. ಅವನ ದಾವೆಯೂ ತೀರಿಕೊಂಡಿತು.

ಕಾಯ್ದೆ ಹೇಳದೆ ಬಿಟ್ಟಿದ್ದನ್ನು ನಾನು ಸೇರಿಸುತ್ತೇನೆ. ಅದೇ ಡಿಕ್ಕಿಯಲ್ಲಿ ಅವನ ಟ್ರಂಕೂ ಜಜ್ಜಿಹೋಗಿತ್ತು ಅನ್ನಿ. ಟ್ರಂಕಿನ ದಾವೆಗೆ ಸಾವಿಲ್ಲ, ಅದು ಆಸ್ತಿ. ಮಗ ಬಂದು ಅಪ್ಪನ ಟ್ರಂಕಿಗೆ ಪರಿಹಾರ ಕೇಳಬಹುದು, ಅಪ್ಪನ ಮುರಿದ ಕಾಲಿಗೆ ಕೇಳುವ ಹಾಗಿಲ್ಲ. ಆದ್ದರಿಂದ ರೈಲು ಹತ್ತುವಾಗ ಕಾಲನ್ನು ಟ್ರಂಕಿನೊಳಗೆ ಇಟ್ಟು ಬೀಗ ಹಾಕಿಕೊಳ್ಳುವುದು ಕ್ಷೇಮ.

1963ರ ಕಾಲಮಿತಿ ಕಾಯ್ದೆಯದ್ದೂ ಇದೇ ಧೋರಣೆ. ನಿಮ್ಮ ಜಮೀನಿನಲ್ಲಿ ಯಾರಾದರೂ ಬೀಡುಬಿಟ್ಟರೆ ಸ್ವಾಧೀನ ಕೇಳಲು 12 ವರ್ಷ. ಅಡವಿಟ್ಟ ಹೊಲ ಬಿಡಿಸಿಕೊಳ್ಳಲು 30 ವರ್ಷ. ನಿಮ್ಮನ್ನು ಕಳ್ಳ ಅಂದರೆ, ಅಕ್ರಮವಾಗಿ ಕೂಡಿಹಾಕಿದರೆ, ಒಂದೇ ವರ್ಷ. ಅಷ್ಟರೊಳಗೆ ಹೋಗದಿದ್ದರೆ ನಿಮಗೆ ಅಷ್ಟೇನೂ ಬೇಜಾರಾಗಿಲ್ಲ ಅಂತ ಲೆಕ್ಕ. ಅದೇ ಕಾಯ್ದೆಯ 77ನೇ ಬಾಬನ್ನು ಓದಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಿಮ್ಮ ಆಳನ್ನೋ ಮಗಳನ್ನೋ ಯಾರಾದರೂ ಮರುಳು ಮಾಡಿ ಕೆಡಿಸಿದ್ದರಿಂದ ನಿಮಗೆ ಅವರ 'ಸೇವೆ' ತಪ್ಪಿಹೋದರೆ, ಆ ನಷ್ಟಕ್ಕೆ ಪರಿಹಾರ ಕೇಳಲು ಒಂದು ವರ್ಷ. ಮಗಳ ನೋವಿನ ಮಾತು ಅಲ್ಲಿಲ್ಲ. ಪಾತ್ರೆ ತೊಳೆಯುವ ಕೈ ಕಡಿಮೆಯಾಯಿತಲ್ಲ, ಅದರ ಬಾಬ್ತು.

ಸಂವಿಧಾನದ ಮಹಡಿಯಲ್ಲಿ ಮಾತ್ರ ಗಾಳಿ ಬೇರೆ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಇಳಿಸಿ 300ಎ ವಿಧಿಗೆ ಕಳಿಸಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹಾಕಿದ ಅರ್ಜಿಯಿಂದಾಗಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕಿನ ಪೀಠಕ್ಕೆ ಏರಿಸಿತು. ಅಲ್ಲಿ ಮನುಷ್ಯ ಮೇಲೆ, ಮಣ್ಣು ಕೆಳಗೆ. ಮೆಟ್ಟಿಲಿಳಿದು ತಾಲ್ಲೂಕು ಕೋರ್ಟಿಗೆ ಬಂದರೆ ಮನುಷ್ಯ ಮಣ್ಣಿನ ಕೆಳಗೆ.

ಇದಕ್ಕೊಂದು ಪರಿಹಾರವಿದೆ, ಅದನ್ನು ಸುಪ್ರೀಂ ಕೋರ್ಟೇ ಹೇಳಿದೆ. ಮಾನನಷ್ಟದ ದಾವೆಯಲ್ಲಿ ಸೋತು, ಅಪೀಲು ನಡೆಯುವಾಗ ಸತ್ತರೆ ಅಪೀಲೂ ಸತ್ತಿತು. ಆದರೆ ಗೆದ್ದು ಡಿಕ್ರಿ ಕೈಗೆ ಬಂದ ಮೇಲೆ ಸತ್ತಿರೋ, ಆ ಡಿಕ್ರಿಯ ದುಡ್ಡು ನಿಮ್ಮ ಆಸ್ತಿ; ಎದುರಾಳಿ ಅಪೀಲು ಹೋದರೆ ಮಕ್ಕಳು ನಿಂತು ಹೋರಾಡಬಹುದು. ಅಂದರೆ ಮಾನವನ್ನು ಆದಷ್ಟು ಬೇಗ ಖಾತೆ ಮಾಡಿಸಿಕೊಳ್ಳಬೇಕು. ಆಮೇಲೆ ನಿಶ್ಚಿಂತೆಯಿಂದ ಸಾಯಬಹುದು. ನಮ್ಮ ದೊಡ್ಡಪ್ಪ ಏಳು ವರ್ಷ ಕಾದರು. ಅಷ್ಟರಲ್ಲಿ ಜಡ್ಜು ಮೂರು ಸಲ ಬದಲಾದರು, ದೊಡ್ಡಪ್ಪ ಒಂದೇ ಸಲ ಸತ್ತರು.

ಕರ್ನಾಟಕದಿಂದ ಹೋದ ಇನ್ನೊಂದು ಕೇಸನ್ನು ವಕೀಲರು ಸ್ವಲ್ಪ ಸ್ವರ ತಗ್ಗಿಸಿ ಹೇಳಿದರು. ಕೇಸು ಸರಿಯಾಗಿ ನಡೆಸಲಿಲ್ಲ ಅಂತ ಒಬ್ಬ ಕಕ್ಷಿದಾರ ತನ್ನ ವಕೀಲರ ಮೇಲೇ ದಾವೆ ಹೂಡಿ, ನಡುವೆಯೇ ತೀರಿಕೊಂಡನಂತೆ. ನಷ್ಟವಾದದ್ದು ಆಸಾಮಿಗೋ ಅವನ ಆಸ್ತಿಗೋ, ಮೊದಲು ಅದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು.

ದೊಡ್ಡಮ್ಮ ಇಷ್ಟನ್ನೂ ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. "ಹಂಗಾದ್ರೆ ಅವನು ಅಂದಿದ್ದು ಹಂಗೇ ಉಳೀತಾ?"

"ಈಗ ಮತ್ತೆ ಅಂದ್ರೆ ಬೇರೆ ವಿಷ್ಯ," ಅಂದರು ವಕೀಲರು. ಸತ್ತವರನ್ನು ಅವರ ಮನೆಯವರಿಗೆ ನೋವಾಗಲಿ ಅಂತಲೇ ಬೈದರೆ ಕ್ರಿಮಿನಲ್ ಕೇಸು ಹಾಕಬಹುದಂತೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ. ಬದುಕಿದ್ದಾಗಲೇ ಬೈದು ಮುಗಿಸಿದ ಆ ಪುಣ್ಯಾತ್ಮ ಎಷ್ಟು ದೂರದೃಷ್ಟಿಯವನು ನೋಡಿ.

ದೊಡ್ಡಮ್ಮ ದಪ್ಪ ಫೈಲಿನ ಮೇಲೆ ಕೈಯಿಟ್ಟರು. "ಬದುವಿನ ಕೇಸಲ್ಲಿ ಸರ್ವೆ ಕಲ್ಲು ಯಾರು ಕಿತ್ತಿದ್ದು ಅಂತ ಬರ್ತದಾ?"

"ಬರ್ತದೆ. ಅದೇ ಮುಖ್ಯ ಇಶ್ಯೂ."

"ತೀರ್ಪಲ್ಲಿ ಹೆಸರು ಹಾಕಿ ಬರೀತಾರಾ?"

"ಬರೀಲೇಬೇಕಲ್ಲಮ್ಮಾ."

"ಸರಿ ಬಿಡಿ. ಎಲ್ಲಿ ಸೈನ್ ಹಾಕ್ಬೇಕು?"