ಬೂತಾಯಿ ಊರಿಗೆ ಎಣ್ಣೆ ಬಂದ ಕತೆ

ನಾನು ಬೆಳೆದದ್ದು ಸುರತ್ಕಲ್ ಹತ್ತಿರ. ರಾತ್ರಿ ಹಿತ್ತಿಲಲ್ಲಿ ನಿಂತರೆ ಕುತ್ತೆತ್ತೂರು ಕಡೆಯ, ಕಚ್ಚಾ ತೈಲ ಶುದ್ಧ ಮಾಡುವ ರಿಫೈನರಿಯ ಬೆಂಕಿ ಕಾಣಿಸುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ದಿಕ್ಕು ಗೊತ್ತಾಗುತ್ತಿದ್ದದ್ದೇ ಹಾಗೆ. ಬೆಂಕಿ ಕಾಣುವ ಕಡೆ ಪೂರ್ವ, ಅಲೆ ಕೇಳುವ ಕಡೆ ಪಶ್ಚಿಮ. ಆ ಬೆಂಕಿಯ ಕೆಳಗೆ ಯಾರಿದ್ದಾರೆ, ರಾತ್ರಿ ಪಾಳಿಯಲ್ಲಿ ಏನು ಮಾಡುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಈಗ ಒಂಬತ್ತು ವರ್ಷದಿಂದ ನಾರ್ವೆಯ ಸ್ಟವಾಂಗರ್‌ನಲ್ಲಿದ್ದೇನೆ. ಇದೂ ಕಡಲ ಕರೆಯ ಊರು, ಎಣ್ಣೆ ಕಂಪನಿಗಳ ಊರು. ನನ್ನದು ಆಫೀಸಿನೊಳಗಿನ ಕೆಲಸ. ಕಡಲ ನಡುವೆ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿನ ಯಾವ ಪಂಪನ್ನು ಯಾವ ವಾರ ಬಿಚ್ಚಿ ನೋಡಬೇಕು ಎಂದು ಪಟ್ಟಿ ಮಾಡುವುದು. ಬಿಚ್ಚುವವರು ಬೇರೆ. ಅವರು ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ, ಎರಡು ವಾರ ಅಲ್ಲೇ ಇದ್ದು ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಾರೆ, ಆಮೇಲೆ ನಾಲ್ಕು ವಾರ ಮನೆಯಲ್ಲಿರುತ್ತಾರೆ.

ಇಲ್ಲಿಗೆ ಬಂದ ಮೇಲೆ ನಾನು ನೋಡಿದ ಒಂದು ಧಾರಾವಾಹಿ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹೆಸರು 'ಲಿಕ್ಕೆಲಾಂಡ್'. ನಾರ್ವೇಜಿಯನ್ ಭಾಷೆಯಲ್ಲಿ 'ಲಿಕ್ಕೆ' ಅಂದರೆ ಸುಖವೂ ಹೌದು, ಅದೃಷ್ಟವೂ ಹೌದು. ನಮ್ಮ ದೂರದರ್ಶನದ ಹಾಗಿರುವ ಎನ್‌ಆರ್‌ಕೆ ಇದನ್ನು ತೋರಿಸಿತು. ಮೊದಲ ಸೀಸನ್ 2018ರಲ್ಲಿ, ಎರಡನೆಯದು 2022ರಲ್ಲಿ, ಮೂರನೆಯದು 2024ರಲ್ಲಿ ಬಂತು.

ಕತೆ ಶುರುವಾಗುವುದು 1969ರ ಬೇಸಿಗೆಯಲ್ಲಿ. ಸ್ಟವಾಂಗರ್ ಆಗ ಮೀನಿನ ಊರು. ಸಣ್ಣ ಮೀನು ಹೊಗೆಗೆ ಹಿಡಿದು, ಎಣ್ಣೆ ಹಾಕಿ ಡಬ್ಬಿ ಮಾಡುವ ಕಾರ್ಖಾನೆಗಳ ಊರು. ಮೀನು ಕಮ್ಮಿಯಾಗಿದೆ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಅತ್ತ ಸಮುದ್ರದಲ್ಲಿ ವರ್ಷಗಟ್ಟಲೆ ಕೊರೆದು ಏನೂ ಸಿಗದೆ ಅಮೆರಿಕದ ಫಿಲಿಪ್ಸ್ ಎಣ್ಣೆ ಕಂಪನಿ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದೆ. ಅಷ್ಟರಲ್ಲಿ ದಡದಿಂದ ಸುಮಾರು 300 ಕಿಲೋಮೀಟರ್ ದೂರದ ಎಕೋಫಿಸ್ಕ್ ಎಂಬಲ್ಲಿ 'ಓಷನ್ ವೈಕಿಂಗ್' ಎಂಬ ಕೊರೆಯುವ ರಿಗ್‌ಗೆ ಎಣ್ಣೆ ಸಿಗುತ್ತದೆ. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸುದ್ದಿ ಸರ್ಕಾರಕ್ಕೆ ತಲುಪುತ್ತದೆ. ಇದೆಲ್ಲ ನಿಜವಾಗಿ ನಡೆದದ್ದು. ಧಾರಾವಾಹಿ ಇದರೊಳಗೆ ತನ್ನ ಪಾತ್ರಗಳನ್ನು ತಂದು ಕೂರಿಸಿದೆ. ಹಳ್ಳಿಯಿಂದ ಬಂದು ನಗರಸಭೆಯಲ್ಲಿ ಕೆಲಸಕ್ಕೆ ಸೇರುವ ಅನ್ನಾ ಇದ್ದಾಳೆ. ಮೀನು ಕಾರ್ಖಾನೆ ಯಜಮಾನರ ಮಗ ಕ್ರಿಸ್ಟಿಯನ್ ಇದ್ದಾನೆ, ಅವನು ಕಡಲಿನ ಆಳಕ್ಕಿಳಿಯುವ ಡೈವರ್. ದೇವರ ಭಯದ ಮನೆಯಲ್ಲಿ ಬೆಳೆದ ತೊರಿಲ್ ಇದ್ದಾಳೆ.

ಹಳೆ ಸ್ಟವಾಂಗರ್ ಬೀದಿಯಲ್ಲಿ ಅಂಥದ್ದೇ ಒಂದು ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಉದ್ದನೆ ಕಬ್ಬಿಣದ ಕಡ್ಡಿಗೆ ಒಂದೊಂದೇ ಮೀನಿನ ಕಣ್ಣು ಚುಚ್ಚಿ ಸಾಲಾಗಿ ಪೋಣಿಸಿ, ಆ ಕಡ್ಡಿಗಳನ್ನು ಒಲೆಯೊಳಗೆ ಇಳಿಬಿಡುತ್ತಿದ್ದರು. ಪೋಣಿಸುವ ಕೆಲಸ ಹೆಂಗಸರದ್ದು, ಮಕ್ಕಳದ್ದು. ಅಮ್ಮ ಕಡ್ಡಿಯನ್ನು ಮುಟ್ಟಿ ನೋಡಿದರು. "ಇದು ನಮ್ಮ ಬೂತಾಯಿಯೇ ಅಲ್ವಾ? ಸ್ವಲ್ಪ ಸಪೂರ ಅಷ್ಟೆ" ಅಂದರು. ಬೂತಾಯಿ ಅಂದರೆ ನಮ್ಮ ಕರಾವಳಿಯ ಸಣ್ಣ ಮೀನು. ಆಮೇಲೆ, "ಕೈ ಎಲ್ಲ ಕುಯ್ದು ಹೋಗ್ತಿರಬೇಕು" ಅಂದರು. ನನಗೆ ಹೊಳೆಯದ್ದು ಅಮ್ಮನಿಗೆ ಒಂದೇ ನೋಟಕ್ಕೆ ಹೊಳೆಯಿತು. ನಮ್ಮ ಕಡೆ ದೋಣಿಯಿಂದ ಮೀನು ಇಳಿಸುವ ದಕ್ಕೆಯಲ್ಲಿ ಮೀನು ಹೆಕ್ಕುವ ಹೆಂಗಸರ ಕೈ ನೋಡಿದವರು ಅವರು.

ಬೂತಾಯಿ ಊರಿಗೆ ಎಣ್ಣೆ ಬಂದದ್ದು ನಮ್ಮಲ್ಲೂ ಆಯಿತು. ಪಣಂಬೂರಿಗೆ ಬಂದರು ಬಂತು. ಜಾಗ ಬಿಟ್ಟುಕೊಟ್ಟವರು ಕೃಷ್ಣಾಪುರ, ಕಾಟಿಪಳ್ಳದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ಆಮೇಲೆ ರಿಫೈನರಿ ಬಂತು. ಈಗ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಇಡುವಷ್ಟು ಜಾಗ ಇದೆ. ಇಷ್ಟೆಲ್ಲ ನಮ್ಮ ಕಾಲಬುಡದಲ್ಲೇ ಆಗಿದೆ. ಆದರೆ ಇದರ ಕತೆ ಮಾತ್ರ ನಮ್ಮ ಟಿವಿಯಲ್ಲಿ ನಾನು ನೋಡಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಗಂಡಸರು "ಆಫೀಸಿಗೆ ಹೋಗಿ ಬರ್ತೀನಿ" ಅಂತ ಹೊರಡುತ್ತಾರೆ, ಸಂಜೆ ಬರುತ್ತಾರೆ. ನಡುವಿನ ಎಂಟು ಗಂಟೆ ಏನು ಮಾಡಿದರು, ಯಾರ ಕೈ ಕೆಳಗೆ ದುಡಿದರು, ಎಲ್ಲಿ ಪೆಟ್ಟಾಯಿತು, ಅದು ಕತೆಯೊಳಗೆ ಬರುವುದೇ ಇಲ್ಲ. ನಮ್ಮ ಮನೆ ಜಗಳ, ಮದುವೆ, ಅತ್ತೆ, ಸೊಸೆ ಎಲ್ಲವನ್ನೂ ನಡೆಸುವುದು ಆ ದುಡಿಮೆ ತಾನೇ?

ಲಿಕ್ಕೆಲಾಂಡ್‌ನ ಎರಡನೇ ಸೀಸನ್ ಒಂದು ದುರಂತದ ಕಡೆಗೆ ಸಾಗುತ್ತದೆ. ಇಲ್ಲಿನವರಿಗೆ ಅದು ಮೊದಲೇ ಗೊತ್ತು. 1980ರ ಮಾರ್ಚ್ 27. 'ಅಲೆಕ್ಸಾಂಡರ್ ಎಲ್. ಕೀಲಾಂಡ್' ಅನ್ನುವ ಐದು ಕಾಲಿನ ರಿಗ್. ಅದನ್ನು ಕೊರೆಯಲು ಬಳಸುತ್ತಿರಲಿಲ್ಲ. ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ದುಡಿಯುವವರು ಅಲ್ಲಿ ಉಂಡು ಮಲಗುತ್ತಿದ್ದರು. ಸಂಜೆ ಆರೂವರೆ ಹೊತ್ತು. ಹೊರಗೆ ಗಾಳಿ ಜೋರು. ಕೆಲವರು ಊಟದ ಹಾಲ್‌ನಲ್ಲಿ, ಕೆಲವರು ಸಿನಿಮಾ ನೋಡುತ್ತಾ ಕೂತಿದ್ದರು. ಒಂದು ಕಾಲು ಕಿತ್ತು ಹೋಯಿತು. ಸುಮಾರು ಇಪ್ಪತ್ತು ನಿಮಿಷದಲ್ಲಿ ರಿಗ್ ಮಗುಚಿಕೊಂಡಿತು. ಇದ್ದವರು 212 ಜನ, ಸತ್ತವರು 123. ಕಾಲನ್ನು ಹಿಡಿದಿಟ್ಟಿದ್ದ ಕೊಳವೆಗೆ ಒಂದು ಸಣ್ಣ ಉಪಕರಣ ಕೂರಿಸಲು ಮಾಡಿದ್ದ ವೆಲ್ಡಿಂಗ್ ಸರಿ ಇರಲಿಲ್ಲ. ಬಿರುಕು ಅಲ್ಲಿಂದ ಶುರುವಾಗಿತ್ತು ಎಂದು ತನಿಖೆ ಹೇಳಿತು. ನನ್ನ ಪಟ್ಟಿಯಲ್ಲಿ "ವೆಲ್ಡಿಂಗ್ ಪರೀಕ್ಷೆ" ಎಂಬ ಸಾಲು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಮ್ಮ ಕೆಳಗಿನ ಮನೆಯ ಅಜ್ಜಿ ಆ ಸೀಸನ್ ಪೂರ್ತಿ ನೋಡಲಿಲ್ಲ. ಅವರ ಗಂಡನೂ ಆ ಕಾಲದಲ್ಲಿ ಕಡಲ ಕೆಲಸಕ್ಕೆ ಹೋಗುತ್ತಿದ್ದವರು. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ. "ಅವತ್ತು ರಾತ್ರಿ ಅವರು ಊರಲ್ಲೇ ಇದ್ದರು. ಆದರೂ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎಲ್ಲರೂ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ಧಾರಾವಾಹಿಯಲ್ಲಿ ಫೋನ್ ಬಡಿದಾಗ ನಾನು ಎದ್ದು ಹೋದೆ" ಅಂದರು.

ಊರಿನ ಹೊರಗೆ ಕ್ವೆರ್ನೆವಿಕ್‌ನಲ್ಲಿ ಕಡಲಿಗೆ ಎದುರಾಗಿ ಒಂದು ಸ್ಮಾರಕ ಇದೆ, 'ತುಂಡಾದ ಸರಪಳಿ' ಎಂದು ಅದರ ಹೆಸರು. ಮಾರ್ಚ್ 27 ಬಂದರೆ ಜನ ಹೂವು ಹಿಡಿದು ಅಲ್ಲಿಗೆ ಹೋಗುತ್ತಾರೆ.

ನಾರ್ವೆಯವರು ಎಲ್ಲ ಸರಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕೀಲಾಂಡ್‌ನಲ್ಲಿ ಬದುಕಿ ಬಂದವರನ್ನು, ಸತ್ತವರ ಮನೆಯವರನ್ನು ಸರ್ಕಾರ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಇಲ್ಲಿನ ಮಹಾಲೆಕ್ಕಪರಿಶೋಧಕರೇ 2021ರಲ್ಲಿ ವರದಿ ಕೊಟ್ಟರು. ನಲವತ್ತು ವರ್ಷ ಬೇಕಾಯಿತು. ಡೈವರ್‌ಗಳದ್ದು ಇನ್ನೂ ಕಷ್ಟದ ಕತೆ. ಆಳಕ್ಕಿಳಿದು ಪೈಪ್ ಜೋಡಿಸಿದವರಲ್ಲಿ ಎಷ್ಟೋ ಜನ ಆರೋಗ್ಯ ಕಳೆದುಕೊಂಡರು. ಆಳದಿಂದ ಮೇಲೆ ಬರಲು ಎಷ್ಟು ಹೊತ್ತು ತಗೋಬೇಕು ಎಂಬ ಲೆಕ್ಕದಲ್ಲಿ ಎಷ್ಟು ಅಪಾಯ ಇದೆ ಅಂತ ಅವರಿಗೆ ತಿಳಿಯುವ ಹಾಗೆ ನೋಡಿಕೊಳ್ಳಲಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ನಾರ್ವೆ ಸರ್ಕಾರದ ವಿರುದ್ಧವೇ ತೀರ್ಪು ಕೊಟ್ಟಿತು. ಜನರ ದುಡ್ಡಿನಲ್ಲಿ ನಡೆಯುವ ಟಿವಿ ಇಂಥದ್ದನ್ನೆಲ್ಲ ಮುಚ್ಚಿಡದೆ ಮನೆಮನೆಗೆ ತೋರಿಸಿತಲ್ಲ, ಅದು ನನಗೆ ದೊಡ್ಡದು ಅನಿಸುತ್ತದೆ.

ಈಗ ನಮ್ಮ ಕಡೆ ನೋಡಿ. 2005ರ ಜುಲೈ 27ರಂದು ಮುಂಬೈ ಕಡಲಿನ ಎಣ್ಣೆ ಪ್ರದೇಶ ಬಾಂಬೆ ಹೈಯಲ್ಲಿ ಒಂದು ಪ್ಲಾಟ್‌ಫಾರ್ಮ್ ಪೂರ್ತಿ ಸುಟ್ಟು ಹೋಯಿತು. ಹತ್ತಿರದಲ್ಲಿದ್ದ ಒಂದು ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಪೆಟ್ಟಾಗಿತ್ತು. ಅವರನ್ನು ಪ್ಲಾಟ್‌ಫಾರ್ಮಿಗೆ ಹತ್ತಿಸಲು ಹಡಗು ಹತ್ತಿರ ಬಂದು ಗ್ಯಾಸ್ ಪೈಪಿಗೆ ತಾಗಿತು. 22 ಜನ ಹೋದರು. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು, ಆ ಸುದ್ದಿಯ ಅಡಿಯಲ್ಲಿ ಈ ಸುದ್ದಿ ಹೂತು ಹೋಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅದೇ ಕಡಲಲ್ಲಿ ಪಿ-305 ಎಂಬ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಮುಳುಗಿತು. ಅದರಲ್ಲಿ 261 ಜನ ಇದ್ದರು, 70ಕ್ಕೂ ಹೆಚ್ಚು ಜನ ಸತ್ತರು. ಅದೂ ಕೀಲಾಂಡ್ ಹಾಗೆಯೇ ಕೆಲಸಗಾರರು ಮಲಗುವ ಜಾಗ. ಅದೇ ಚಂಡಮಾರುತಕ್ಕೆ ನಮ್ಮ ಪಡುಬಿದ್ರಿ ಹತ್ತಿರವೂ ಒಂದು ಟಗ್ (ಹಡಗುಗಳನ್ನು ಎಳೆಯುವ ಸಣ್ಣ ಹಡಗು) ಮಗುಚಿ ಕೆಲಸಗಾರರು ಸತ್ತರು. ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಇನ್ನೊಂದು ಟಗ್‌ನಿಂದ ಒಂಬತ್ತು ಜನರನ್ನು ಉಳಿಸಿ ತಂದರು. ದಡದಲ್ಲಿ ನಿಂತು ಎಷ್ಟೋ ಜನ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದರು. ಟಗ್‌ನಲ್ಲಿದ್ದವರು ಯಾರ ಮನೆಯವರು, ಅಂಥ ಗಾಳಿಯಲ್ಲಿ ಅವರು ಯಾಕೆ ಅಲ್ಲಿದ್ದರು ಅಂತ ಕೇಳಿದವರು ಎಷ್ಟು ಜನ?

ಓದು ಮುಗಿಸಿ ಊರ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಟ್ರೈನಿ ಆಗಿದ್ದೆ. ಅಲ್ಲಿ ಕಾಂಟ್ರಾಕ್ಟ್‌ನವರ ಹೆಲ್ಮೆಟ್ ಬಣ್ಣ ಬೇರೆ, ಕ್ಯಾಂಟೀನ್ ಬೇರೆ. ಒಬ್ಬ ಹಿರಿಯ ವೆಲ್ಡರ್ ನನ್ನನ್ನು "ಸಾರ್" ಅಂತಿದ್ದರು. ನನಗೆ ಆಗ ಇಪ್ಪತ್ತೆರಡು, ಅವರಿಗೆ ಐವತ್ತರ ಹತ್ತಿರ. ಒಮ್ಮೆ ಏಣಿಯ ಕಟ್ಟು ಸಡಿಲ ಇದೆ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. "ನೀವು ಸೂಪರ್‌ವೈಸರ್‌ಗೆ ಹೇಳಿ ಸಾರ್. ನಾನು ಹೇಳಿದ್ರೆ ನಾಳೆಯಿಂದ ಗೇಟ್ ಪಾಸ್ ಇರಲ್ಲ" ಅಂದರು. ನಾನು ಹೇಳಿದೆ, ಸರಿ ಮಾಡಿದರು. ಆದರೆ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇಲ್ಲಿ ಕೆಲಸಗಾರರು ತಮ್ಮಲ್ಲೇ ಒಬ್ಬರನ್ನು ಸುರಕ್ಷತೆಯ ಪ್ರತಿನಿಧಿಯಾಗಿ ಆರಿಸುತ್ತಾರೆ. ಜೀವಕ್ಕೆ ಅಪಾಯ ಕಂಡರೆ ಕೆಲಸ ನಿಲ್ಲಿಸಲು ಅವರಿಗೆ ಕಾನೂನೇ ಅಧಿಕಾರ ಕೊಟ್ಟಿದೆ. ನಾನು ಪಟ್ಟಿ ಮಾಡಿದ್ದ ಒಂದು ಕೆಲಸವನ್ನು ಒಮ್ಮೆ ಹಾಗೆ ನಿಲ್ಲಿಸಿದ್ದರು. ನಿಲ್ಲಿಸಿದವರು ಒಬ್ಬ ಕ್ರೇನ್ ಆಪರೇಟರ್. ಗಾಳಿ ಜಾಸ್ತಿ ಇತ್ತು. ಇಡೀ ಪಾಳಿ ಹಾಳಾಯಿತು. ಮೀಟಿಂಗಿನಲ್ಲಿ ಬಾಸ್ ಅವರಿಗೆ ಥ್ಯಾಂಕ್ಸ್ ಹೇಳಿ ಮುಂದಿನ ವಿಷಯಕ್ಕೆ ಹೋದರು. ನಾನು ಮಾತ್ರ ಸುಮ್ನೆ ಕೂತು ಆ ವೆಲ್ಡರ್‌ನ ಏಣಿಯನ್ನೇ ನೆನೆಯುತ್ತಿದ್ದೆ. ಈ ಹಕ್ಕು ಆಕಾಶದಿಂದ ಬಿದ್ದದ್ದಲ್ಲ. ಯೂನಿಯನ್‌ಗಳು ಅಮೆರಿಕದಿಂದ ಬಂದ ಕಂಪನಿಗಳ ಜೊತೆ ಗುದ್ದಾಡಿ ಪಡೆದದ್ದು. ಆ ಗುದ್ದಾಟವನ್ನು ಟಿವಿಯಲ್ಲಿ ಕಂಡ ಹುಡುಗರು ನಾಳೆ ಕೆಲಸಕ್ಕೆ ಸೇರಿದಾಗ ಅದನ್ನು ಸುಲಭಕ್ಕೆ ಬಿಟ್ಟುಕೊಡಲಾರರು.

ಟೆಕ್ಸಾಸ್‌ನ ಎಣ್ಣೆ ಕೆಲಸದ ಮೇಲೆ 2024ರಲ್ಲಿ ಶುರುವಾದ 'ಲ್ಯಾಂಡ್‌ಮ್ಯಾನ್' ಎಂಬ ಧಾರಾವಾಹಿ ಕೂಡ ನೋಡಿದೆ. ಅದರಲ್ಲೂ ಕೆಲಸದ ಅಪಾಯ ಇದೆ, ಚೆನ್ನಾಗಿಯೂ ತೋರಿಸಿದ್ದಾರೆ. ಆದರೆ ಎಲ್ಲ ಸಮಸ್ಯೆಯನ್ನೂ ಒಬ್ಬನೇ ಗಟ್ಟಿ ಮನುಷ್ಯ ಹೆಗಲ ಮೇಲೆ ಹೊರುತ್ತಾನೆ. ನನಗೆ ಒಂದು ಊರೇ ಪಾತ್ರವಾಗುವ ಕತೆ ಹೆಚ್ಚು ಹಿಡಿಸಿತು. ನಮ್ಮ ಕರಾವಳಿಗೆ ಹೊಂದುವುದೂ ಅದೇ. ಕುವೈತ್, ಸೌದಿಗೆ ಯಾರಾದರೂ ಹೋಗದ ಮನೆ ನಮ್ಮಲ್ಲಿ ಎಷ್ಟಿದೆ?

ನಮ್ಮ ಮನೆಯಿಂದ ಹೋದವರು ಮಾವ, ಅಮ್ಮನ ಅಣ್ಣ. ಕುವೈತ್‌ನ ತೈಲ ಕೆಲಸದಲ್ಲಿ ಪೈಪ್ ಫಿಟ್ಟರ್. 1990ರ ಆಗಸ್ಟ್‌ನಲ್ಲಿ ಇರಾಕ್ ನುಗ್ಗಿದಾಗ ಅಲ್ಲೇ ಇದ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನದಲ್ಲಿ ಕರೆತಂದರಲ್ಲ, ಅವರಲ್ಲಿ ಇವರೂ ಒಬ್ಬರು. ನಮಗೆ ಗೊತ್ತಿದ್ದದ್ದು ಅಷ್ಟೇ. ಬಂದವರು ಏನೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಲಿಕ್ಕೆಲಾಂಡ್‌ನ ಎರಡು ಎಪಿಸೋಡ್ ಹಾಕಿ ಅವರಿಗೆ ತೋರಿಸಿದೆ. ಭಾಷೆ ಗೊತ್ತಿಲ್ಲ, ಆದರೂ ಕಣ್ಣು ತೆಗೆಯದೆ ನೋಡಿದರು. ರಿಗ್ ಮೇಲೆ ಪೈಪ್ ಜೋಡಿಸುವ ದೃಶ್ಯ ಬಂದಾಗ ಅವರ ಬಲಗೈ ತನ್ನಷ್ಟಕ್ಕೆ ಸ್ಪ್ಯಾನರ್ ಹಿಡಿದ ಹಾಗೆ ತಿರುಗಿತು. ಆಮೇಲೆ ಅವರೇ ಬಾಯಿ ಬಿಟ್ಟರು. ಕ್ಯಾಂಪಿನಲ್ಲಿ ಒಂದು ರೂಮಿಗೆ ಎಂಟು ಜನ. ಬಸ್ಸಿಗೆ ದುಡ್ಡು ಹೊಂದಿಸಲು ವಾಚ್ ಮಾರಿದ್ದು. ಜೋರ್ಡಾನ್ ಗಡಿಯ ಮರಳಲ್ಲಿ ಟೆಂಟು. ಅಲ್ಲಿ ಕುಂದಾಪುರದ ಒಬ್ಬರು ಸಿಕ್ಕಿ, ಇಬ್ಬರೂ ಒಂದೇ ಬಾಟಲಿ ನೀರನ್ನು ಎರಡು ದಿನ ಕುಡಿದದ್ದು. ನಾನು ಮೊಬೈಲ್ ತೆಗೆದು ರೆಕಾರ್ಡ್ ಒತ್ತಿದೆ. ಮಾವ ನೋಡಿದರು, ಬೇಡ ಅನ್ನಲಿಲ್ಲ.

ಎರಡು ಗಂಟೆ ಮಾತಾಡಿದರು. ನಡುವೆ ಬಾಗ್ದಾದ್ ದಾಟಿದ ಕತೆ ಇನ್ನೂ ಬಂದಿರಲಿಲ್ಲ. ಒಳಗಿಂದ ಅತ್ತೆ ಊಟಕ್ಕೆ ಕರೆದರು.

"ಉಳಿದದ್ದು ನಾಳೆ ಹೇಳ್ತೇನೆ ಮಾರಾಯ," ಅಂದರು ಮಾವ. "ನೀನು ಅದನ್ನು ಚಾರ್ಜಿಗೆ ಇಡು."