ಅಮೆರಿಕದ ಬೆಲೆ ಬಿಡಿ, ಬಾದಾಮಿಯವರ ಜೇಬು ನೋಡಿ

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ರೂಪಿಸಿದ ಕಾರ್-ಟಿ ಎಂಬ ರಕ್ತ ಕ್ಯಾನ್ಸರ್ ಚಿಕಿತ್ಸೆ ಬಗ್ಗೆ ಮುಂಬೈಯವನಾಗಿ ನನಗೂ ಹೆಮ್ಮೆ ಇದೆ. ಆದರೆ ಅದರ ಸುದ್ದಿ ಬಂದಾಗಲೆಲ್ಲ 'ಅಮೆರಿಕದ ಬೆಲೆಯ ಹತ್ತನೇ ಒಂದು ಪಾಲಿಗೆ' ಅನ್ನುವ ಸಾಲು ಓದಿ ಓದಿ ಸಾಕಾಗಿದೆ. ನಮ್ಮ ಊರಿನವರು ಯಾವತ್ತು ಡಾಲರ್ ಎಣಿಸಿ ಔಷಧಿ ತಗೊಂಡಿದ್ದರು?

ಪರೇಲ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಗೊತ್ತು, ಊರಿಂದ ಯಾರೇ 'ಟಾಟಾ' ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೂ ನಮ್ಮ ಫೋನ್ ನಂಬರ್ ಅವರ ಕೈಯಲ್ಲಿರುತ್ತೆ. ಮೊನ್ನೆ ಬಾದಾಮಿ ಕಡೆಯವರೊಬ್ಬರು ಕೇಳಿದರು: "ಅಣ್ಣಾರ, ಅದೇನೋ ಹೊಸಾ ಸೂಜಿ ಬಂದೈತಂತಲ್ರಿ, ಒಮ್ಮೆ ಚುಚ್ಚಿದ್ರ ಕ್ಯಾನ್ಸರ್ ಹೋಗತೈತಂತ, ಖರೆ ಏನ್ರಿ?" ಅವರ ತಮ್ಮನಿಗೆ ಅನ್ನನಾಳದ ಕ್ಯಾನ್ಸರ್. ಅದಕ್ಕಲ್ಲ ಇದು ಅಂತ ನಾನೇ ಹೇಳಬೇಕಾಯ್ತು. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದವರು ಹೇಳಲಿಲ್ಲವಲ್ಲ.

ಇದು ಅಂಗಡಿಯಲ್ಲಿ ಸಿಗುವ ಸೂಜಿಯೇ ಅಲ್ಲ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಬಿಳಿ ರಕ್ತಕಣಗಳನ್ನು ತೆಗೆದು, ಉಳಿದದ್ದನ್ನು ಮೈಗೇ ವಾಪಸ್ ಬಿಡುತ್ತಾರೆ. ಅದಕ್ಕೇ ಕೆಲವು ಗಂಟೆ ಬೇಕು. ತೆಗೆದ ಕಣಗಳಲ್ಲಿನ, ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳಿಗೆ ಲ್ಯಾಬಿನಲ್ಲಿ, ರೋಗ ಹರಡದಂತೆ ಮಾಡಿದ ವೈರಸ್ಸಿನ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಆಮೇಲೆ ಅವು ಸಿಡಿ19 ಎಂಬ ಗುರುತು ಇರುವ ಕೋಶಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತವೆ. ಆ ಗುರುತು ಇರುವುದು ಬಿ-ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಮೇಲೆ. ಹಾಗಾಗಿಯೇ ಈ ಚಿಕಿತ್ಸೆ ಲ್ಯುಕೇಮಿಯಾ, ಲಿಂಫೋಮಾ ಎಂಬ ರಕ್ತ ಕ್ಯಾನ್ಸರ್‌ಗಳ ಕೆಲವು ಬಗೆಗಳಿಗೆ ಮಾತ್ರ, ಅದೂ ಕೀಮೋ ಕೈಕೊಟ್ಟವರಿಗೆ. ಕೋಶಗಳನ್ನು ಬೆಳೆಸಿ, ಹೆಪ್ಪುಗಟ್ಟಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ಕೊಡುವ ಹೊತ್ತಿಗೆ ಕೈಯಗಲದ ಒಂದು ಚೀಲ, ಅಷ್ಟೇ. ಕೋಶ ಕೆಡದಿರಲಿ ಅಂತ ಬೆರೆಸಿದ ರಾಸಾಯನಿಕದಿಂದ ರೋಗಿಯ ಉಸಿರು ಬೆಳ್ಳುಳ್ಳಿ ನಾರುತ್ತದಂತೆ.

ಅಪಾಯ ಶುರುವಾಗುವುದು ಆಮೇಲೆ. ಜ್ವರ ಏರಬಹುದು, ಬಿಪಿ ಇಳಿಯಬಹುದು, ಕೆಲವರಿಗೆ ಐಸಿಯು. 2025ರಲ್ಲಿ ಪ್ರಕಟವಾದ, ಈ ಚಿಕಿತ್ಸೆಯ ಪ್ರಯೋಗದ ವರದಿ ಪ್ರಕಾರ ಶೇ. 73ರಷ್ಟು ರೋಗಿಗಳಲ್ಲಿ ಗುಣ ಕಂಡಿತು, ಅಂದರೆ ರೋಗ ಪೂರ್ತಿಯೋ ಭಾಗಶಃವೋ ತಗ್ಗಿತು. ಬೇರೆ ದಾರಿಯೆಲ್ಲ ಮುಚ್ಚಿದವರಲ್ಲಿ ಇದು ಸಣ್ಣ ಮಾತಲ್ಲ. ಹಾಗಂತ ಗುಣ ಕಂಡವರೆಲ್ಲರಿಗೂ ರೋಗ ಮರಳಿ ಬರಲ್ಲ ಅಂತ ಭರವಸೆಯೂ ಇಲ್ಲ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. 2017ರಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿ ಔಷಧಕ್ಕೆ ಇಟ್ಟ ಬೆಲೆ 4,75,000 ಡಾಲರ್. 2023ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕ ನಮ್ಮ ಮುಂಬೈನ ಕಾರ್-ಟಿ ಔಷಧ ನೆಕ್ಸ್‌ಕಾರ್19ಕ್ಕೆ 40 ಲಕ್ಷ ರೂಪಾಯಿ ಆಸುಪಾಸು. ಮಾಡಿದವರ ಸಾಧನೆ ದೊಡ್ಡದೇ. ಆದರೆ ಆಯುಷ್ಮಾನ್ ಕಾರ್ಡಿನ ಮಿತಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಉಳಿದ 35 ಲಕ್ಷಕ್ಕೆ ಯಾವ ಹೊಲ ಮಾರಬೇಕು? ಚಿಕಿತ್ಸೆ ಆದಮೇಲೂ ಕೆಲವು ವಾರ ಆಸ್ಪತ್ರೆ ಹತ್ತಿರವೇ ಇರಬೇಕು. ಮುಂಬೈ ಬಾಡಿಗೆ ಬಗ್ಗೆ ನಾನು ಬೇರೆ ಹೇಳಬೇಕಾ?

ಐಐಟಿ ನಡೆಯುವುದು ನಮ್ಮ ತೆರಿಗೆಯಲ್ಲಿ. ಟಾಟಾ ಮೆಮೋರಿಯಲ್ ಇರುವುದು ಕೇಂದ್ರದ ಅಣುಶಕ್ತಿ ಇಲಾಖೆಯಡಿ. ಈ ಸಂಶೋಧನೆಗೂ ಸರ್ಕಾರದ ಹಣ ಹೋಗಿದೆ. ಜನರ ದುಡ್ಡಲ್ಲಿ ಹುಟ್ಟಿದ ಔಷಧಿಗೆ ಅದೇ ಜನ ಫೇಸ್‌ಬುಕ್‌ನಲ್ಲಿ ಮಗನ ಫೋಟೋ ಹಾಕಿ ಚಂದಾ ಎತ್ತುವುದು ನನಗಂತೂ ಸರಿ ಕಾಣಲ್ಲ. ಇದಕ್ಕೆಂದೇ ಪ್ರತ್ಯೇಕ ನಿಧಿ ಇಡಲಿ. ಸರ್ಕಾರವೇ ಒಟ್ಟಿಗೆ ಖರೀದಿಗೆ ಕೂತು, ಔಷಧಿ ಮಾರುವ ಕಂಪನಿ ಜೊತೆ ಬೆಲೆ ಚೌಕಾಸಿ ಮಾಡಲಿ. ಕೇಂದ್ರವೋ ರಾಜ್ಯವೋ ಅನ್ನುವ ಜಗಳ ಆಮೇಲೆ ಆಡಿಕೊಳ್ಳಲಿ. ಸಮ್ಮೇಳನಗಳಿಗೆ ದುಡ್ಡು ಕೂಡಿಸುವ ನಮ್ಮ ಮುಂಬೈ ಕನ್ನಡ ಸಂಘಗಳೂ ರೋಗಿಯ ಮನೆಯವರಿಗೆ ಒಂದೆರಡು ಖೋಲಿ ಮಾಡಿಕೊಡಬಹುದು. (ಬೈಬೇಡಿ, ನಾನೂ ಸದಸ್ಯನೇ.)

ಊರಿಂದ ಫೋನ್ ಮಾಡುವವರಿಗೆ ಒಂದು ಮಾತು. ಹೊಲಕ್ಕೆ ಗಿರಾಕಿ ಹುಡುಕುವ ಮುಂಚೆ ಬಯಾಪ್ಸಿ ರಿಪೋರ್ಟ್, ಇದುವರೆಗಿನ ಕೀಮೋ ಕಾಗದ ಎಲ್ಲ ಜೋಡಿಸಿಕೊಂಡು ನಿಮ್ಮ ಡಾಕ್ಟರರನ್ನೇ ಕೇಳಿ: ಇದು ಸಿಡಿ19 ಇರುವ ಜಾತಿಯದಾ? ಇಲ್ಲ ಅಂದರೆ ಈ ಚಿಕಿತ್ಸೆಗೆಂದು ರೈಲು ಹತ್ತಬೇಡಿ.